ಉಪ್ಪಿನಕಾಯಿ ಜಾಡಿಯ ಲಿಪಿ

ಫಾನ್ ದೆಶುನ್ ಬಾಯಿ ತಪ್ಪಿ ಆಡಿದ್ದು ಒಂದೇ ಮಾತು. ಅದನ್ನು ಹಿತ್ತಲಲ್ಲಿ ನಿಂತು ಆಡಿದ್ದರೆ ಕೋಳಿಗಳು ಕೇಳಿಸಿಕೊಂಡು ತಮ್ಮ ಪಾಡಿಗೆ ತಾವು ಮಣ್ಣು ಕೆದಕುತ್ತಿದ್ದವು. ಅವನು ಆಡಿದ್ದು ಜಿಲ್ಲಾ ಟಿವಿಯವರ ಕ್ಯಾಮೆರಾದ ಮುಂದೆ.

ಲಿಯೂವಾನ್ ಪೇಟೆಯ ವಸ್ತುಸಂಗ್ರಹಾಲಯದಲ್ಲಿ ದೆಶುನ್ ಗೈಡು. ಪೇಟೆಯಾಚೆ ನದಿ ತಿರುಗುವ ಕಡೆ ಗೋಧಿ ಹೊಲದಡಿ ಹಳೆಯ ಗೋರಿಗಳು ಸಿಕ್ಕಿ, ಗೋರಿಗಳೊಳಗೆ ಆಮೆ ಚಿಪ್ಪುಗಳು ಸಿಕ್ಕಿ, ಚಿಪ್ಪುಗಳ ಮೇಲೆ ಎಂಟು ಸಾವಿರ ವರ್ಷದ ಹಿಂದೆ ಯಾರೋ ಗೀಚಿದ ಗುರುತುಗಳು ಸಿಕ್ಕಿದಂದಿನಿಂದ ಅವನಿಗೆ ಆ ಕೆಲಸ. ಗುರುತುಗಳಲ್ಲಿ ಒಂದು ಬಹಳ ಹೆಸರುವಾಸಿ. ಅಡ್ಡಕ್ಕೆ ಎಳೆದ ಒಂದು ಚೌಕ, ಅದರೊಳಗೆ ಒಂದು ಚುಕ್ಕಿ, ಚೌಕದ ಕೆಳಗಿನಿಂದ ಇಳಿಬಿದ್ದ ಒಂದು ಗೆರೆ. ಇದು 'ಕಣ್ಣು' ಅನ್ನುವ ಅಕ್ಷರ, ಮನುಷ್ಯ ಬರೆದ ಮೊಟ್ಟಮೊದಲ ಅಕ್ಷರ, ಅದು ಹುಟ್ಟಿದ್ದು ನಮ್ಮೂರಲ್ಲೇ ಎಂದು ಪೇಟೆಯವರ ನಂಬಿಕೆ. ನಂಬಿ ಸುಮ್ಮನೆ ಕೂತಿರಲಿಲ್ಲ. ಶಾಲೆಯ ಗೋಡೆ, ಕ್ಷೌರದಂಗಡಿಯ ಕನ್ನಡಿ, ಬೀದಿಯ ಕಸದ ಡಬ್ಬಿ, ಎಲ್ಲದರ ಮೇಲೂ ಆ ಕಣ್ಣನ್ನು ಬರೆಸಿಬಿಟ್ಟಿದ್ದರು. ಪೇಟೆಯಲ್ಲಿ ಯಾವ ಕಡೆ ತಿರುಗಿದರೂ ಯಾರೋ ದುರುಗುಟ್ಟಿ ನೋಡಿದಂತಾಗುತ್ತಿತ್ತು.

ಟಿವಿಯ ಹುಡುಗಿ ಮೈಕು ಹಿಡಿದು ಬಂದಾಗ ದೆಶುನ್ ಬೆಳಗಿನಿಂದ ನಿಂತು ನಿಂತು ಕಾಲು ಸೋತಿದ್ದ, ಹೊಟ್ಟೆಯೂ ಹಸಿದಿತ್ತು.

"ಮಾಮಾ, ನಿಜ ಹೇಳಿ. ಇದು ಬರವಣಿಗೇನಾ, ಇಲ್ಲಾ ಸುಮ್ನೆ ಗೀಚಿದ್ದಾ?"

"ಯಾರಿಗ್ಗೊತ್ತಮ್ಮಾ," ಅಂದ ದೆಶುನ್. "ನಮ್ಮಮ್ಮನೂ ಉಪ್ಪಿನಕಾಯಿ ಜಾಡಿ ಮೇಲೆ ಇಂಥದ್ದೇ ಒಂದು ಗೀಚಿಟ್ಟಿದ್ದಾಳೆ. ಅವಳಿಗೆ ಒಂದಕ್ಷರ ಓದೋಕೆ ಬರಲ್ಲ."

ಆಮೇಲೆ ಅವನು ಎಚ್ಚೆತ್ತು, ನಮ್ಮ ಪ್ರಾಚೀನ ಸಂಸ್ಕೃತಿ, ಹಿರಿಯರ ಜಾಣತನ ಎಂದೆಲ್ಲ ಬಹಳ ಹೊತ್ತು ಮಾತಾಡಿದ. ಸಂಜೆಯ ವಾರ್ತೆಯಲ್ಲಿ ಅದನ್ನೆಲ್ಲ ಕತ್ತರಿಸಿ ಬಿಸಾಕಿ, ಉಪ್ಪಿನಕಾಯಿಯ ಮಾತನ್ನು ಮಾತ್ರ ಉಳಿಸಿಕೊಂಡಿದ್ದರು.

ಮರುದಿನ ಬೆಳಗ್ಗೆ ಏಳುವಾಗಲೇ ಮನೆಯ ಹವೆ ಸರಿಯಿರಲಿಲ್ಲ. ಹೆಂಡತಿ ಮಗಳ ಬಾಣಂತನಕ್ಕೆಂದು ಹೋಗಿದ್ದಳು. ಮನೆಯಲ್ಲಿದ್ದದ್ದು ಅವನೂ ಅವನ ಮುದಿ ತಾಯಿ ಶಾನ್ ಲಾನ್‌ಝಿಯೂ ಮಾತ್ರ. ಆಕೆ ವಾರ್ತೆ ನೋಡಿ ಮುಗಿಯುವ ಮೊದಲೇ ಎದ್ದು ಒಳಗೆ ಹೋದವಳು ಆಮೇಲೆ ತುಟಿ ಬಿಚ್ಚಿರಲಿಲ್ಲ. ಈಗ ಒಲೆಯ ಮುಂದೆ ಕೂತು ಪೇಪರಿನ ಹಾಳೆಗಳನ್ನು ಒಂದೊಂದಾಗಿ ಹರಿದು ಬೆಂಕಿಗೆ ಹಾಕುತ್ತಿದ್ದಳು.

"ಅಮ್ಮಾ, ಇವತ್ತಿನ ಪೇಪರ್ ಅದು."

ಆಕೆ ಇನ್ನೊಂದು ಹಾಳೆ ಹರಿದಳು. ಮೇಜಿನ ಮೇಲೆ ತಿಂಡಿ ಇರಲಿಲ್ಲ. ದೆಶುನ್ ಬೂಟು ಹಾಕಿಕೊಂಡು ಮೆಲ್ಲಗೆ ಹೊರಬಿದ್ದ.

ಬೀದಿ ಕೊನೆಯಲ್ಲಿ ಮಿಯಾವ್ ಅಕ್ಕನ ಹೋಟೆಲು. ಬಾಗಿಲ ಮೇಲೆ 'ಮೊದಲಕ್ಷರ ನೂಡಲ್ಸ್' ಎಂದು ಬೋರ್ಡು, ಬೋರ್ಡಿನ ನಡುವೆ ಕೆಂಪು ಬಣ್ಣದ ಕಣ್ಣು. ಅಕ್ಕ ಬಂದವರಿಗೆಲ್ಲ ಮೆಣಸಿನ ಬಿಸಿ ಸಾರು ಬಡಿಸುತ್ತಿದ್ದಳು. ದೆಶುನ್ ಕೂತ ಮೇಜನ್ನು ಮಾತ್ರ ಒರೆಸಿದ್ದೇ ಒರೆಸಿದ್ದು, ಬಟ್ಟಲು ಇಡಲಿಲ್ಲ.

"ಅಕ್ಕಾ, ಒಂದು ಸಾರು, ಎರಡು ಬನ್ನು."

"ಅಯ್ಯೋ, ನಮ್ಮ ಹೋಟ್ಲಲ್ಲಿ ನಿಮಗೇನು ರುಚಿಸುತ್ತೆ ದೆಶುನಣ್ಣ? ನಮ್ಮದು ಬರೀ ಗೀಚಿದ ಬೋರ್ಡು. ಮನೇಲಿ ಉಪ್ಪಿನಕಾಯಿ ಇದೆಯಲ್ಲ, ನೆಕ್ಕೊಳ್ಳಿ ಹೋಗಿ."

ಪಕ್ಕದ ಮೇಜಿನಿಂದ ಕ್ಷೌರದವನು ಬಟ್ಟಲಿನಿಂದ ತಲೆಯೆತ್ತಿ, "ಹೆದ್ದಾರಿ ತಿರುವಲ್ಲಿ ಕಲ್ಲು ನಿಲ್ಸಿದ್ದಾರೆ, ಕೆಂಪು ಬಟ್ಟೆ ಮುಚ್ಚಿದ್ದಾರೆ, 'ಅಕ್ಷರ ಹುಟ್ಟಿದ ಊರು' ಅಂತ ಕೆತ್ತಿದ್ದಾರೆ," ಅಂದ. "ಇವತ್ತು ಪ್ರೊಫೆಸರ್‌ಗಳು ಬಂದು ಹೂಂ ಅನ್ನೋದೊಂದು ಬಾಕಿ ಇತ್ತು. ಈ ಮಹಾನುಭಾವ ನೋಡಿದ್ರೆ ನಮ್ಮಮ್ಮನ ಜಾಡಿ ಅಂತಾನೆ."

"ನಾನು ಹಾಗಲ್ಲ ಹೇಳಿದ್ದು..."

"ನೀವು ಹೇಳಿದ್ದನ್ನ ನಾವೂ ಕೇಳಿದೀವಿ, ನಿಮ್ಮಮ್ಮನೂ ಕೇಳಿದಾಳೆ," ಅಂದಳು ಮಿಯಾವ್ ಅಕ್ಕ. ಅವಳ ದನಿ ಸ್ವಲ್ಪ ಇಳಿಯಿತು. "ಪಾಪ, ಅಜ್ಜಿ ದಿನಾ ಮಧ್ಯಾಹ್ನ ಬಾಗಿಲಲ್ಲಿ ಪೇಪರ್ ಬಿಡಿಸ್ಕೊಂಡು ಕೂತ್ಕೊಳ್ತಿತ್ತು. ನಾವೆಲ್ಲ ಓದುತ್ತೆ ಅಂದ್ಕೊಂಡಿದ್ವಿ. ನಾನೇ ಎಷ್ಟೋ ಸಲ, ಅಜ್ಜಿ ಇವತ್ತು ಏನು ಸುದ್ದಿ ಅಂತ ಕೇಳ್ತಿದ್ದೆ. ಎಲ್ಲಾ ತುಟ್ಟಿ ಆಗಿದೆ ಕಣೇ ಅನ್ನೋದು. ಅದು ಯಾವತ್ತೂ ತಪ್ಪಾಗ್ತಿರಲಿಲ್ಲ ನೋಡಿ."

ಹೋಟೆಲಿನವರೆಲ್ಲ ನಕ್ಕರು. ದೆಶುನ್‌ನ ಕಿವಿಗಳು ಸಾರಿಗಿಂತ ಬಿಸಿಯಾದವು. ಅಮ್ಮ ಪೇಪರು ಹಿಡಿದು ಕೂರುವುದು ಕಾಲು ಬಿಸಿಲಿಗೆ ಕಾಯಿಸಿಕೊಳ್ಳಲು ಎಂದೇ ಅವನು ಇಷ್ಟು ವರ್ಷ ಅಂದುಕೊಂಡಿದ್ದ. ಒಲೆಗೆ ಬೀಳುತ್ತಿದ್ದ ಹಾಳೆಗಳು ಕಣ್ಣ ಮುಂದೆ ಬಂದವು. ಖಾಲಿ ಹೊಟ್ಟೆಯಲ್ಲೇ ಎದ್ದು, ಗೋಡೆಗೆ ಅಂಟಿಕೊಂಡ ಹಲ್ಲಿಯ ಹಾಗೆ ಬೀದಿಯ ಒಂದು ಅಂಚಿನಲ್ಲಿ ನಡೆಯುತ್ತ ಕೆಲಸಕ್ಕೆ ಹೋದ.

ವಸ್ತುಸಂಗ್ರಹಾಲಯದ ಮೆಟ್ಟಿಲ ಮೇಲೆ ಗೆಂಗ್ ಸಾಹೇಬರು ಕಾಯುತ್ತಿದ್ದರು. ಸಾಹೇಬರು ಅಲ್ಲಿಯ ಮುಖ್ಯಸ್ಥರು. ಕೋಪ ಬಂದಾಗ ಕೂಗಾಡುವವರಲ್ಲ, ನಗುವವರು. ಅವತ್ತು ಬಹಳ ನಗುತ್ತಿದ್ದರು.

"ಬನ್ನಿ ಫಾನ್ ಅವರೇ, ಬನ್ನಿ. ಟಿವಿ ನಟರು ನೀವು. ಇವತ್ತು ನಿಮಗೆ ವಿಶ್ರಾಂತಿ. ಹಿಂದುಗಡೆ ಕಲ್ಲಿದ್ದಲಿನ ಕೋಣೆ ಇದೆ, ಅಲ್ಲಿ ಕೂತಿರಿ. ಪ್ರೊಫೆಸರ್‌ಗಳು ವಾಪಸ್ ಕಾರು ಹತ್ತೋವರೆಗೆ ನಿಮ್ಮ ನೆರಳೂ ಆಚೆ ಬೀಳಬಾರದು. ಗೊತ್ತಾಯ್ತಾ?"

"ಸಾಹೇಬ್ರೇ, ನಾನು ಬೇಕಾದ್ರೆ ಕ್ಷಮೆ ಕೇಳಿ..."

"ಬೇಡ. ನೀವು ಬಾಯಿ ಬಿಡೋದೊಂದು ಬೇಡ."

ಕಲ್ಲಿದ್ದಲ ಕೋಣೆಯಲ್ಲಿ ಕೂತ ದೆಶುನ್‌ಗೆ ಗೋಡೆಯಾಚೆಯ ಮಾತೆಲ್ಲ ಕೇಳಿಸುತ್ತಿತ್ತು. ಪ್ರಾಂತ್ಯದ ರಾಜಧಾನಿಯಿಂದ ಇಬ್ಬರು ಬಂದಿದ್ದರು. ಒಬ್ಬರು ಪ್ರೊಫೆಸರ್ ಔಯಾಂಗ್. ದೊಡ್ಡ ದನಿಯ, ಕೈ ಬೀಸಿ ಮಾತಾಡುವ ಮನುಷ್ಯ. ಈ ಗುರುತುಗಳು ಅಕ್ಷರಗಳೇ ಎಂದು ಅರ್ಧ ಆಯುಷ್ಯ ವಾದ ಮಾಡಿದವರು. ಇನ್ನೊಬ್ಬರು ಪ್ರೊಫೆಸರ್ ಬಿಯಾನ್. ಕೂದಲು ನೆರೆತ ಸಣ್ಣ ಹೆಂಗಸು. ಅಲ್ಲವೇ ಅಲ್ಲ ಎಂದು ತಮ್ಮ ಅರ್ಧ ಆಯುಷ್ಯ ಔಯಾಂಗರಿಗೆ ಎದುರು ನಿಂತವರು.

"ನೋಡ್ರೀ ಬಿಯಾನ್, ಇದೇ ಗುರುತು ಎರಡು ಚಿಪ್ಪಿನ ಮೇಲಿದೆ! ಸುಮ್ಮನೆ ಗೀಚಿದ್ರೆ ಎರಡು ಸಲ ಒಂದೇ ಥರ ಬರುತ್ತೇನ್ರೀ? ಇವತ್ತು ನಾವು ಬರೀತೀವಲ್ಲ, ಆ ಅಕ್ಷರಗಳ ಮುತ್ತಾತ ಇದು!"

"ಸೌದೆ ಕಡಿಯೋನು ಕೊಡಲಿ ಹಿಡಿಗೆ ಗುರುತು ಹಾಕ್ಕೋತಾನೆ. ಎರಡು ಕೊಡಲಿ ಇದ್ರೆ ಎರಡಕ್ಕೂ ಹಾಕ್ಕೋತಾನೆ. ಅದು ಬರವಣಿಗೆ ಆಯ್ತಾ?" ಎಂದರು ಬಿಯಾನ್. "ಗುರುತು ಮಾತಾಡ್ಬೇಕು ಔಯಾಂಗ್. ನೋಡಿದೋರ ಬಾಯಿಂದ ಪ್ರತಿ ಸಲವೂ ಅದೇ ಮಾತು ಹೊರಡ್ಬೇಕು. ಈ ಚಿಪ್ಪಿನ ಮುಂದೆ ನಿಂತು ನೀವು ಕಣ್ಣು ಅಂತೀರಿ, ನಾನು ಮೀನಿನ ಬುಟ್ಟಿ ಅಂತೀನಿ. ಸರಿ ಯಾರು ಅಂತ ಹೇಳೋರು ಯಾರು?"

ಆಮೇಲೆ ಬಿಯಾನರ ದನಿಯೇ ಕೇಳಿಸಿತು. "ಗೆಂಗ್ ಅವರೇ, ನಿನ್ನೆ ಲಾಡ್ಜಿನಲ್ಲಿ ಟಿವಿ ನೋಡಿದೆ. ಉಪ್ಪಿನಕಾಯಿ ಜಾಡಿ ಅಂದ್ರಲ್ಲ, ಆ ಗೈಡು ಎಲ್ಲಿ?"

"ಅವರಿಗೆ ಹುಷಾರಿಲ್ಲ ಮೇಡಂ. ಸ್ವಲ್ಪ ತಲೆ ಕೂಡ..."

ಅದೇ ಹೊತ್ತಿಗೆ ದೆಶುನ್‌ಗೆ ಕಲ್ಲಿದ್ದಲ ಪುಡಿ ಮೂಗಿಗೇರಿ ಸೀನು ಬಂತು. ಅದು ಒಂದು ಸೀನಲ್ಲಿ ಮುಗಿಯುವಂಥದ್ದಲ್ಲ. ಬಾಗಿಲು ತೆರೆದು ನೋಡಿದಾಗ ಅವನು ಮೂಗು, ಗಲ್ಲ, ಹಣೆ ಎಲ್ಲ ಕಪ್ಪಾಗಿ ಕಲ್ಲಿದ್ದಲ ಮೂಟೆಗಳ ನಡುವೆ ಕೂತಿದ್ದ. ಬಿಯಾನ್ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ ವಿನಯದಿಂದ ಕೇಳಿದರು: "ನಿಮ್ಮ ತಾಯಿ ಮನೇಲಿದ್ದಾರಾ?"

ಮಾತು ಪೇಟೆಯವರ ಫೋನಿನ ಚಾಟ್ ಗುಂಪಿಗೆ ಹೇಗೆ ತಲುಪಿತೋ, ಪ್ರೊಫೆಸರರು ಫಾನ್ ಮನೆಯ ಅಂಗಳ ಮುಟ್ಟುವ ಮೊದಲೇ ಅರ್ಧ ಪೇಟೆ ಅಲ್ಲಿತ್ತು. ಮಿಯಾವ್ ಅಕ್ಕ ಸೌಟು ಹಿಡಿದೇ ಬಂದಿದ್ದಳು. ಕ್ಷೌರದವನ ಜೊತೆ ಅರ್ಧ ತಲೆ ಬೋಳಿಸಿಕೊಂಡ ಗಿರಾಕಿಯೂ ಓಡಿ ಬಂದಿದ್ದ. ಟಿವಿಯ ಹುಡುಗಿ ಎಲ್ಲರಿಗಿಂತ ಮುಂದೆ ನಿಂತಿದ್ದಳು.

ಅಂಗಳದ ನಡುವೆ ಜಾಡಿ ತಂದಿಟ್ಟರು. ಮಂಡಿಯೆತ್ತರದ ಕಂದು ಜಾಡಿ, ಒಳಗೆ ಸಾಸಿವೆ ಸೊಪ್ಪಿನ ಉಪ್ಪಿನಕಾಯಿ. ಹೊಟ್ಟೆಯ ಮೇಲೆ ಗುರುತಿತ್ತು. ಚೌಕ, ಒಳಗೊಂದು ಚುಕ್ಕಿ, ಕೆಳಗೆ ಇಳಿದ ಗೆರೆ. ಔಯಾಂಗರು "ಆಹಾ!" ಎಂದು ಮಣ್ಣಿನ ನೆಲದಲ್ಲಿ ಮಂಡಿಯೂರಿಯೇ ಬಿಟ್ಟರು. "ಎಂಟು ಸಾವಿರ ವರ್ಷ ಕೈಯಿಂದ ಕೈಗೆ ಬಂದಿದೆ! ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಸೊಸೆಗೆ!"

ಬಿಯಾನ್ ಮಾತ್ರ ಜಾಡಿಯನ್ನು ನೋಡದೆ ಮುದುಕಿಯನ್ನು ನೋಡಿದರು. ಆಕೆ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ಅಮ್ಮಾ, ಈ ಗುರುತು ಏನಾದ್ರೂ ಹೇಳುತ್ತಾ?"

ಲಾನ್‌ಝಿ ಅಜ್ಜಿ ಜಾಡಿಯನ್ನು ನೋಡಿದಳು. ಮಗನನ್ನು ನೋಡಿದಳು. ಕ್ಯಾಮೆರಾವನ್ನು ನೋಡಿ ತಲೆಗೂದಲು ಸರಿಮಾಡಿಕೊಂಡಳು.

"ಓದ್ಲಾ?" ಅಂದಳು.

"ಓದಿ ಅಮ್ಮಾ."

ಆಕೆ ಕುರ್ಚಿ ತರಿಸಿ ಕೂತಳು. ಗಂಟಲು ಸರಿಮಾಡಿಕೊಂಡು, ಬೆರಳನ್ನು ಗುರುತಿನ ಮೇಲಿಟ್ಟು, ಶಾಲೆಯ ಟೀಚರು ಕಪ್ಪುಹಲಗೆ ಮುಂದೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು.

"ಈ ಚೌಕ ಹಾಸಿಗೆ. ಒಳಗಿರೋ ಚುಕ್ಕಿ ಮಲಗಿರೋ ಹುಡುಗ. ಕೆಳಗೆ ಇಳೀತಾ ಇದೆಯಲ್ಲ ಗೆರೆ, ಅದು ನೀರಲ್ಲ. ಒಟ್ಟು ಓದಿದ್ರೆ, 'ನನ್ನ ಮಗ ದೆಶುನ್ ಹನ್ನೊಂದು ವರ್ಷ ತುಂಬೋವರೆಗೆ ಹಾಸಿಗೇಲಿ ಉಚ್ಚೆ ಹೊಯ್ಕೋತಿದ್ದ. ಚಳಿಗಾಲದಲ್ಲಿ ಎರಡೆರಡು ಸಲ.'"

ಅಂಗಳದಲ್ಲಿ ಎದ್ದ ನಗೆಗೆ ಹಿತ್ತಲ ಕೋಳಿಗಳು ಗೋಡೆ ಹಾರಿದವು. ಮಿಯಾವ್ ಅಕ್ಕ ಸೌಟು ಎದೆಗೊತ್ತಿಕೊಂಡು ನಕ್ಕಳು. ಅರ್ಧ ತಲೆಯ ಗಿರಾಕಿ ಕ್ಷೌರದವನ ಹೆಗಲು ಹಿಡಿದು ಕುಸಿದ. ದೆಶುನ್ ಮುಖದ ಮೇಲಿದ್ದ ಕಲ್ಲಿದ್ದಲ ಮಸಿಗೆ ಮೊದಲ ಸಲ ಕೃತಜ್ಞನಾದ. ಅದರ ಕೆಳಗಿನ ಬಣ್ಣ ಯಾರಿಗೂ ಕಾಣುತ್ತಿರಲಿಲ್ಲ.

ಬಿಯಾನ್ ನಗಲಿಲ್ಲ. "ಒಳ್ಳೇದು," ಎಂದರು. "ಈಗ ಊಟ ಮಾಡೋಣ. ಊಟ ಆದ್ಮೇಲೆ ಅಮ್ಮ ಇನ್ನೊಂದು ಸಲ ಓದಲಿ. ಅದೇ ಮಾತು, ಅದೇ ಥರ ಬಂದ್ರೆ ಅದು ಬರವಣಿಗೆ. ಬೇರೆ ಬಂದ್ರೆ ಜಾಡಿ ಮೇಲಿನ ಗೀಚು ಅಷ್ಟೆ. ಒಪ್ಪಿಗೇನಾ ಔಯಾಂಗ್?"

"ಒಪ್ಪಿಗೆ!" ಅಂದರು ಔಯಾಂಗ್. ನಗುತ್ತಿದ್ದ ಪೇಟೆಯವರು ತಟ್ಟನೆ ಬಾಯಿ ಮುಚ್ಚಿಕೊಂಡರು. ಜಾಡಿಯದೇ ಗುರುತು ಚಿಪ್ಪಿನದೂ. ಜಾಡಿ ಗೆದ್ದರೆ ಚಿಪ್ಪು ಗೆದ್ದಂತೆ, ಚಿಪ್ಪು ಗೆದ್ದರೆ ಕಲ್ಲಿನ ಮೇಲಿನ ಕೆಂಪು ಬಟ್ಟೆ ಎತ್ತಬಹುದು. ಗೆಂಗ್ ಸಾಹೇಬರು ದೆಶುನ್‌ನನ್ನು ಗೋಡೆಯ ಮೂಲೆಗೆ ಎಳೆದುಕೊಂಡು ಹೋದರು. ಈಗ ಅವರು ನಗುತ್ತಿರಲಿಲ್ಲ.

"ಫಾನ್ ಅವರೇ, ನಿಮ್ಮ ಕಾಲಿಗೆ ಬೀಳ್ತೀನಿ. ಅಜ್ಜಿ ಒಂದಕ್ಷರ ಆಚೀಚೆ ಮಾಡಬಾರದು. ಹನ್ನೊಂದು ಅಂದ್ರೆ ಹನ್ನೊಂದೇ. ಎರಡೆರಡು ಸಲ ಅಂದ್ರೆ ಎರಡೆರಡೇ. ಊರಿನ ಮಾನ ನಿಮ್ಮ ಹಾಸಿಗೆ ಮೇಲಿದೆ."

ಮಿಯಾವ್ ಅಕ್ಕ ಬೆಳಗ್ಗೆ ಕೊಡದ ಸಾರನ್ನು ದೊಡ್ಡ ಬಟ್ಟಲಲ್ಲಿ ತಂದು ಅವನ ಕೈಗಿತ್ತಳು. "ತಗೊಳ್ಳಿ ದೆಶುನಣ್ಣ. ನಮ್ಮೆಜಮಾನ್ರು ಹದಿಮೂರರವರೆಗೂ ಹೊಯ್ಕೋತಿದ್ರಂತೆ, ಅದಕ್ಕೇನೀಗ. ಅಜ್ಜಿಗೆ ಬಾಯಿಪಾಠ ಮಾಡ್ಸಿ ಹೋಗಿ."

ಅಡುಗೆಮನೆಯಲ್ಲಿ ಲಾನ್‌ಝಿ ಅಜ್ಜಿ ಹಿಟ್ಟು ನಾದುತ್ತಿದ್ದಳು. ದೆಶುನ್ ಬಟ್ಟಲು ಪಕ್ಕಕ್ಕಿಟ್ಟು ಮೋಟು ಮಣೆಯ ಮೇಲೆ ಕೂತ.

"ಯಾಕಮ್ಮಾ ಹಾಗಂದೆ?"

"ನೀನ್ಯಾಕೋ ಹಾಗಂದೆ?"

ಆಕೆ ಹಿಟ್ಟನ್ನು ಎತ್ತಿ ಹಲಗೆಯ ಮೇಲೆ ಬಡಿದಳು.

"ಚಿಕ್ಕೋಳಿದ್ದಾಗ ತಮ್ಮನ್ನ ಬೆನ್ನಿಗೆ ಕಟ್ಕೊಂಡು ಶಾಲೆಗೆ ಬಿಟ್ಟುಬರ್ತಿದ್ದೆ. ಅವನು ಒಳಗೆ, ನಾನು ಕಿಟಕಿ ಹೊರಗೆ. ಮೇಷ್ಟ್ರು ನೋಡಿದ್ರೆ ಓಡಿಸ್ತಿದ್ರು. ನಿಮ್ಮಪ್ಪ ಹೋಗೋವರೆಗೂ ಪೇಪರ್ ಓದಿ ಹೇಳ್ತಿದ್ರು. ಅವರು ಹೋದ್ಮೇಲೆ ನಾನೇ ಹಿಡ್ಕೊಂಡು ಕೂತ್ಕೊಂಡೆ. ಬೀದೀಲಿ ಹೋಗೋರು, ಏನಜ್ಜಿ ಸುದ್ದಿ ಅಂತ ಕೇಳೋರು. ಅಷ್ಟು ಸಾಕಾಗಿತ್ತು ನಂಗೆ. ನೀನು ಜಿಲ್ಲೆಗೆಲ್ಲ ಸಾರಿಬಿಟ್ಟೆ. ಇನ್ನು ಯಾರು ಕೇಳ್ತಾರೆ?"

ದೆಶುನ್ ತನ್ನ ಕರಿ ಕೈಗಳನ್ನು ನೋಡಿಕೊಂಡ. ಅಂಗಳದಲ್ಲಿ ಪೇಟೆಯೆಲ್ಲ ನಕ್ಕಾಗ ಆಗದಷ್ಟು ನಾಚಿಕೆ ಈಗ ಆಯಿತು.

"ತಪ್ಪಾಯ್ತಮ್ಮಾ."

ಆಕೆ ಹಿಟ್ಟನ್ನು ಉಂಡೆ ಮಾಡತೊಡಗಿದಳು. "ಸರಿ ಬಿಡು. ನಾನೂ ಸಿಟ್ಟಲ್ಲಿ ಜಾಸ್ತಿ ಹೇಳಿದೆ. ಈಗ ಓದುವಾಗ ಬದಲಾಯಿಸ್ತೀನಿ. 'ಎರಡು ಹಿಡಿ ಉಪ್ಪು, ನೆರಳಲ್ಲಿಡಿ' ಅಂತೀನಿ. ಮೊದಲು ಹೇಳಿದ್ದು ತಮಾಷೆಗೆ ಅಂದ್ರೆ ಆಯ್ತು. ನಿನ್ನ ಮಾನ ಉಳಿಯುತ್ತೆ."

ಅದನ್ನು ಕೇಳಿ ದೆಶುನ್‌ಗೆ ಹೋದ ಜೀವ ಬಂದಂತಾಯಿತು. ಎರಡು ಹಿಡಿ ಉಪ್ಪು! ಎಷ್ಟು ಗೌರವಸ್ಥ ಮಾತು! ನಾಳೆ ಬೀದಿಯಲ್ಲಿ ತಲೆಯೆತ್ತಿ ನಡೆಯಬಹುದು. ಕಲ್ಲಿನ ಮೇಲಿನ ಬಟ್ಟೆ ಎತ್ತದಿದ್ದರೆ ಬೇಡ, ಗೆಂಗ್ ಸಾಹೇಬರು ಕಲ್ಲಿದ್ದಲ ಕೋಣೆಗೇ ಕಾಯಂ ಮಾಡಿದರೂ ಮಾಡಲಿ. ಹೂಂ ಎನ್ನಲು ಬಾಯಿ ತೆರೆದ.

ಬಾಯಿ ತೆರೆದವನಿಗೆ ಅಂಗಳದಲ್ಲಿ ಮುಂದೆ ಏಳಲಿರುವ ನಗೆ ಈಗಲೇ ಕೇಳಿಸಿತು. ಅಮ್ಮ ಬೇರೆ ಓದಿದ ಕೂಡಲೇ ಪೇಟೆಯವರು ಏನನ್ನುತ್ತಾರೆ? ಮುದುಕಿಗೆ ಪೇಪರಷ್ಟೇ ಅಲ್ಲ, ತಾನೇ ಗೀಚಿದ್ದೂ ಓದೋಕೆ ಬರಲ್ಲ ಅನ್ನುತ್ತಾರೆ. ಅದನ್ನೂ ಟಿವಿಯಲ್ಲಿ ತೋರಿಸುತ್ತಾರೆ.

"ಬೇಡಮ್ಮಾ," ಅಂದ. "ಮೊದಲು ಓದಿದ್ದನ್ನೇ ಓದು. ಒಂದಕ್ಷರ ಬದಲಾಯಿಸ್ಬೇಡ."

ಆಕೆ ಹಿಟ್ಟಿನ ಕೈ ಹಾಗೇ ನಿಲ್ಲಿಸಿ ಮಗನ ಮುಖ ನೋಡಿದಳು. ಹಬೆ ಪಾತ್ರೆಯ ಮುಚ್ಚಳ ತೆಗೆದು ಒಂದು ಬಿಸಿ ಬನ್ನು ಅವನ ಕೈಗೆ ಹಾಕಿದಳು.

ಊಟವಾದ ಮೇಲೆ ಅಂಗಳ ಮೊದಲಿಗಿಂತ ತುಂಬಿತ್ತು. ಗೋಡೆಯ ಮೇಲೆ ಜನ, ಬೀದಿಯ ಸ್ಕೂಟರುಗಳ ಮೇಲೆ ಜನ. ಯಾರೂ ಕೆಮ್ಮುತ್ತಿರಲಿಲ್ಲ. ಲಾನ್‌ಝಿ ಅಜ್ಜಿ ಹಬ್ಬಕ್ಕೆ ಹಾಕುವ ನೀಲಿ ಕೋಟು ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಬೆರಳು ಜಾಡಿಯ ಮೇಲಿಟ್ಟಳು.

"ಈ ಚೌಕ ಹಾಸಿಗೆ. ಒಳಗಿರೋ ಚುಕ್ಕಿ ಮಲಗಿರೋ ಹುಡುಗ. ಕೆಳಗೆ ಇಳೀತಾ ಇದೆಯಲ್ಲ ಗೆರೆ, ಅದು ನೀರಲ್ಲ..."

ಗೆಂಗ್ ಸಾಹೇಬರ ತುಟಿಗಳೂ ಜೊತೆಗೇ ಆಡುತ್ತಿದ್ದವು.

"'ನನ್ನ ಮಗ ದೆಶುನ್ ಹನ್ನೊಂದು ವರ್ಷ ತುಂಬೋವರೆಗೆ ಹಾಸಿಗೇಲಿ ಉಚ್ಚೆ ಹೊಯ್ಕೋತಿದ್ದ. ಚಳಿಗಾಲದಲ್ಲಿ...'"

ಆಕೆಯ ಮಾತು ಅಲ್ಲೇ ನಿಂತಿತು. ಬೆರಳು ಗೆರೆಯ ಮೇಲೆ ಒಮ್ಮೆ ಮೇಲೆ ಹೋಯಿತು, ಒಮ್ಮೆ ಕೆಳಗೆ ಬಂತು. "ಚಳಿಗಾಲದಲ್ಲಿ..." ಅಂದಳು ಇನ್ನೊಮ್ಮೆ. ಕಿಟಕಿಯ ಹೊರಗೆ ನಿಂತು ಮೇಷ್ಟ್ರ ಕಣ್ಣಿಗೆ ಬಿದ್ದ ಹುಡುಗಿಯ ಮುಖ ಆಗ ಹೇಗಿತ್ತೋ, ಈಗ ಹಾಗಾಯಿತು. ಟಿವಿಯ ಹುಡುಗಿ ಕ್ಯಾಮೆರಾವನ್ನು ಇನ್ನೂ ಹತ್ತಿರ ತರಿಸಿದಳು. ಕ್ಷೌರದವನು ಕಣ್ಣು ಮುಚ್ಚಿಕೊಂಡ.

ದೆಶುನ್‌ಗೆ ತಡೆಯಲಾಗಲಿಲ್ಲ. ಜನರ ನಡುವಿನಿಂದ ಮುಂದೆ ನುಗ್ಗಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ:

"ಎರಡೆರಡು ಸಲ ಅಮ್ಮಾ! ಚಳಿಗಾಲದಲ್ಲಿ ಎರಡೆರಡು ಸಲ ಹೊಯ್ಕೋತಿದ್ದೆ!"

"ಹಾಂ, ಎರಡೆರಡು ಸಲ!" ಅಂದಳು ತಾಯಿ.

ಯಾರೂ ನಗಲಿಲ್ಲ. ಎಲ್ಲರೂ ಪ್ರೊಫೆಸರ್ ಬಿಯಾನರನ್ನು ನೋಡಿದರು. ಗೆಂಗ್ ಸಾಹೇಬರು ತಲೆಯ ಮೇಲೆ ಕೈ ಹೊತ್ತಿದ್ದರು. ಹೇಳಿಕೊಟ್ಟು ಓದಿಸಿದರೆ ಪರೀಕ್ಷೆಯಲ್ಲಿ ಫೇಲು ಎಂಬುದು ಎಲ್ಲರಿಗೂ ಗೊತ್ತು.

ಬಿಯಾನ್ ಕನ್ನಡಕ ತೆಗೆದು ಒರೆಸಿದರು. "ಅಮ್ಮ ಒಬ್ಬರೇ ಓದ್ತಾರಾ ಅಂತ ನಾನು ಪರೀಕ್ಷೆ ಇಟ್ಟಿದ್ದೆ," ಎಂದರು ನಿಧಾನವಾಗಿ. "ಬರೆದವರು ಮರೆತಾಗ ಇನ್ನೊಬ್ಬರು ಅದೇ ಗುರುತು ನೋಡಿ ಅದೇ ಮಾತು ಹೇಳಿದ್ರು. ಅದೂ ತನಗೆ ಇಷ್ಟು ನಾಚಿಕೆಯಾಗೋ ಮಾತು. ಸುಳ್ಳಾಗಿದ್ರೆ ಯಾರಾದ್ರೂ ಹಾಗೆ ಕೂಗ್ತಾರಾ? ಒಬ್ಬರು ಬರೆದದ್ದನ್ನ ಇನ್ನೊಬ್ಬರು ಓದೋದಕ್ಕೇ ಬರವಣಿಗೆ ಅನ್ನೋದು. ಔಯಾಂಗ್, ನಾನು ಒಪ್ಕೊಂಡೆ. ಇದು ಬರವಣಿಗೆ."

ಅಂಗಳ ಸಿಡಿಯಿತು. ಯಾರೋ ಹೊಸ ವರ್ಷಕ್ಕೆಂದು ಇಟ್ಟಿದ್ದ ಪಟಾಕಿ ಸರ ತಂದು ಹಚ್ಚಿಯೇ ಬಿಟ್ಟರು. ಮಿಯಾವ್ ಅಕ್ಕ ದೆಶುನ್‌ನನ್ನು ತಬ್ಬಿಕೊಂಡು ಮಸಿಯೆಲ್ಲ ಮೆತ್ತಿಕೊಂಡಳು. ಔಯಾಂಗರು ಕಣ್ಣೊರೆಸಿಕೊಳ್ಳುತ್ತ, "ಹಾಗಾದ್ರೆ ಚಿಪ್ಪು? ಚಿಪ್ಪಿನ ಗುರುತೂ ಬರವಣಿಗೇನೇ ಅಲ್ವಾ?" ಎಂದು ಬಿಯಾನರ ಕೈ ಹಿಡಿದರು.

"ಚಿಪ್ಪಾ?" ಎಂದರು ಬಿಯಾನ್. "ಚಿಪ್ಪನ್ನ ಗೀಚಿದೋರು ಎಲ್ಲಿದ್ದಾರೆ? ಅವರ ಮಗ ಎಲ್ಲಿದ್ದಾನೆ? ಮರೆತಾಗ ಹೇಳಿಕೊಡೋಕೆ ಅಲ್ಲಿ ಯಾರೂ ಇಲ್ಲ ಔಯಾಂಗ್. ಅದು ಅಕ್ಷರ ಇರಬಹುದು, ಮೀನಿನ ಬುಟ್ಟಿಯೂ ಇರಬಹುದು. ನಾನು ಬರವಣಿಗೆ ಅಂದಿದ್ದು ಜಾಡಿಯನ್ನ."

ಪಟಾಕಿ ಇನ್ನೂ ಹೊಡೆಯುತ್ತಿತ್ತು, ಆದ್ದರಿಂದ ಹಿಂದೆ ನಿಂತವರಿಗೆ ಈ ಮಾತು ಕೇಳಿಸಲಿಲ್ಲ. ಕೇಳಿಸಿದ ಗೆಂಗ್ ಸಾಹೇಬರ ಮುಖ ಒಂದು ಗಳಿಗೆ ಬಾಡಿತು, ಇನ್ನೊಂದು ಗಳಿಗೆಯಲ್ಲಿ ಅರಳಿತು. ಅವರು ಅಷ್ಟರಲ್ಲೇ ಜಾಡಿಯನ್ನು ಎರಡು ಕೈಯಿಂದ ತಬ್ಬಿ ಹಿಡಿದಿದ್ದರು. ಚಿಪ್ಪು ಹೋದರೇನು, ಪ್ರೊಫೆಸರ್ ಬಿಯಾನರೇ ಒಪ್ಪಿದ ಬರವಣಿಗೆ ಪ್ರಾಂತ್ಯದಲ್ಲಿ ಬೇರೆ ಯಾರ ಹತ್ತಿರ ಇದೆ?

ಸಂಜೆ ಹೊತ್ತಿಗೆ ಜಾಡಿ ವಸ್ತುಸಂಗ್ರಹಾಲಯ ಸೇರಿತ್ತು. ಉಪ್ಪಿನಕಾಯಿ ಅಡುಗೆಮನೆಯ ಪ್ಲಾಸ್ಟಿಕ್ ಬಕೇಟಿನಲ್ಲಿತ್ತು. ದೆಶುನ್ ಮುಖ ತೊಳೆದು ಬಂದು ತಾಯಿಯ ಎದುರು ಕೂತ. ಇಬ್ಬರೂ ನೂಡಲ್ಸ್ ತಿನ್ನುತ್ತಿದ್ದರು. ಮನೆ ಹಗುರಾಗಿತ್ತು.

"ಅಮ್ಮಾ, ಆ ಗುರುತು ಯಾವಾಗ ಹಾಕಿದ್ದು ನೀನು? ನಾನು ಚಿಕ್ಕೋನಿದ್ದಾಗ್ಲೇನಾ?"

"ನಾನೆಲ್ಲಿ ಹಾಕಿದೆ?" ಅಂದಳು ಲಾನ್‌ಝಿ ಅಜ್ಜಿ, ನೂಡಲ್ಸ್ ಎಳೆದುಕೊಳ್ಳುತ್ತ. "ಸಂತೇಲಿ ಕೊಂಡಾಗ್ಲೇ ಇತ್ತು. ಆ ಮಡಕೆ ಮಾಡೋನು ಎಲ್ಲಾ ಜಾಡಿಗೂ ಅದನ್ನೇ ಒತ್ತುತ್ತಿದ್ದ."

ದೆಶುನ್‌ನ ಊಟದ ಕಡ್ಡಿಗಳಿಂದ ನೂಡಲ್ಸ್ ಜಾರಿ ಬಟ್ಟಲಿಗೆ ಬಿತ್ತು.

"ಮತ್ತೆ... ಹಾಸಿಗೆ? ಚುಕ್ಕಿ? ಮಲಗಿರೋ ಹುಡುಗ?"

"ಅಲ್ಲ ಕಣೋ, ನಮ್ಮಮ್ಮ ಗೀಚಿದ್ದಾಳೆ ಅಂತ ಟಿವೀಲಿ ಹೇಳಿದ್ದು ನೀನು. ಅಷ್ಟು ದೊಡ್ಡೋರು ಮನೆ ಬಾಗಿಲಿಗೆ ಬಂದು ಕೇಳ್ದಾಗ, ನಾನು ಗೀಚಿಲ್ಲ ಅಂದಿದ್ರೆ ನನ್ನ ಮಗ ಸುಳ್ಳುಬುರುಕ ಅಂತಾಗ್ತಿರಲಿಲ್ವಾ? ಅದಕ್ಕೇ ಏನೋ ಒಂದು ಓದಿದೆ. ಉಚ್ಚೆ ವಿಷಯ ಒಂದು ಸಿಟ್ಟಿಗೆ ಸೇರಿಸಿದೆ."

ದೆಶುನ್ ಎದ್ದು ಫೋನು ಕೈಗೆತ್ತಿಕೊಂಡ. ಹೇಳಿಬಿಡಬೇಕು. ಈಗಲೇ ಹೇಳಿಬಿಡಬೇಕು. ಗೆಂಗ್ ಸಾಹೇಬರ ಹೆಸರು ಹುಡುಕಿ ಒತ್ತುವಷ್ಟರಲ್ಲಿ ತಾಯಿ ಕೇಳಿದಳು:

"ಗಾಜಿನ ಪೆಟ್ಟಿಗೆ ಕೆಳಗೆ ನನ್ನ ಹೆಸರು ಬರೆದು ಹಾಕ್ತಾರಂತೆ, ಹೌದಾ? ಮಿಯಾವ್ ಹೇಳ್ತಿದ್ಲು. ನಾಳೆ ನಂಗೆ ತೋರಿಸ್ತೀಯಾ, ನನ್ನ ಹೆಸರು ಯಾವ್ದು ಅಂತ?"

"ಹಲೋ? ಫಾನ್ ಅವರೇ? ಹಲೋ?" ಎಂದು ಫೋನಿನೊಳಗೆ ಗೆಂಗ್ ಸಾಹೇಬರು ಕೂಗುತ್ತಿದ್ದರು.

"ಏನಿಲ್ಲ ಸಾಹೇಬ್ರೇ," ಅಂದ ದೆಶುನ್. "ಊಟ ಆಯ್ತಾ ಅಂತ ಕೇಳೋಕೆ ಮಾಡ್ದೆ."

ಈಗ ಲಿಯೂವಾನ್ ವಸ್ತುಸಂಗ್ರಹಾಲಯದಲ್ಲಿ ಆಮೆ ಚಿಪ್ಪುಗಳು ಪಕ್ಕದ ಕೋಣೆಯಲ್ಲಿವೆ. ನಡುಕೋಣೆಯಲ್ಲಿ, ಮೇಲಿನಿಂದ ದೀಪ ಬಿಟ್ಟ ಗಾಜಿನ ಪೆಟ್ಟಿಗೆಯಲ್ಲಿ ಜಾಡಿ ಇದೆ. ಕೆಳಗೆ ಹಿತ್ತಾಳೆ ಫಲಕದಲ್ಲಿ ಬರೆದವರ ಹೆಸರು ಶಾನ್ ಲಾನ್‌ಝಿ ಎಂದು ದಪ್ಪ ಅಕ್ಷರದಲ್ಲಿದೆ. ಅದರ ಕೆಳಗೆ ಬರಹದ ಪೂರ್ತಿ ಅರ್ಥ ಇದೆ, ಮಗನ ಹೆಸರೂ ಚಳಿಗಾಲವೂ ಸೇರಿ. ಬಸ್ಸುಗಳಲ್ಲಿ ಜನ ಬರುತ್ತಾರೆ. ಫಲಕವನ್ನು ಗಟ್ಟಿಯಾಗಿ ಓದಿ ವಿವರಿಸುವುದು ಗೈಡಿನ ಕೆಲಸ. ಗೆಂಗ್ ಸಾಹೇಬರು ಅದನ್ನು ಬೇರೆ ಯಾರಿಗೂ ಒಪ್ಪಿಸಲು ತಯಾರಿಲ್ಲ, ನಿಮ್ಮ ಬಾಯಲ್ಲಿ ಬಂದಷ್ಟು ಚೆನ್ನಾಗಿ ಯಾರ ಬಾಯಲ್ಲೂ ಬರಲ್ಲ ಫಾನ್ ಅವರೇ ಅನ್ನುತ್ತಾರೆ.

ಮೊನ್ನೆ ದೂರದೂರಿನಿಂದ ಬಂದ ನಿವೃತ್ತ ಶಿಕ್ಷಕಿಯೊಬ್ಬಳು ಅವನು ಹೇಳಿದ್ದನ್ನೆಲ್ಲ ಕೇಳಿ, ಫಲಕ ನೋಡಿ, ಮರುಗಿದಳು.

"ಪಾಪ, ಆ ಮಗ! ಈಗ ಎಲ್ಲಿದ್ದಾನೋ ಏನೋ."

"ತುಂಬಾ ಹಿಂದಿನ ಮಾತು ಮೇಡಂ," ಅಂದ ದೆಶುನ್, ಗೋಡೆ ನೋಡುತ್ತ. "ಈ ಕಡೆಯೋನಲ್ಲ ಅನ್ಸುತ್ತೆ. ಊರು ಬಿಟ್ಟು ಹೋದನಂತೆ."

"ಹೌದಾ?" ಅಂದಳು ಆಕೆ. ಆಮೇಲೆ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ಅವನ ಅಂಗಿಯ ಜೇಬಿಗೆ ಸಿಕ್ಕಿಸಿದ್ದ ಹೆಸರಿನ ಬಿಲ್ಲೆಯನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದಳು.